ಹತ್ತೂವರೆಯ ಚಹಾ

ಗುಳೇದಗುಡ್ಡ
ಮಿಕ್ಕ ದಿನ ಮೂರು, ಇಸವಿ ಎರಡು ಸಾವಿರದ ಇನ್ನೂರ ಮೂವತ್ತೊಂಬತ್ತು

ಧಾರವಾಡದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿರುವ ಮಂದಾಕಿನಿ ಸವದತ್ತಿ ಅವರಿಗೆ ಅಸ್ತರುಮನೆಯ ಹೊನ್ನವ್ವ ರಂಜಣಗಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖನ್ನು ನೋಡಿ ಇದೇನು ಹುಚ್ಚು ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಹನ್ನೆರಡು ತಿಂಗಳಿಗೂ ಮೂವತ್ತೇ ದಿನ. ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ಉಳಿಯುವ ಐದು ದಿನಗಳನ್ನು ಮಿಕ್ಕ ದಿನ ಎನ್ನುತ್ತೇವೆ. ಆ ಐದು ದಿನ ಊರಿನಲ್ಲಿ ಯಾರೂ ದುಡಿಯುವುದಿಲ್ಲ. ಬದಲಿಗೆ ಪ್ರತಿಯೊಬ್ಬರೂ, ತಾವು ಯಾರ ಕೆಲಸದ ಮೇಲೆ ನಿಂತು ತಮ್ಮ ಕೆಲಸ ಮಾಡುತ್ತಿದ್ದಾರೋ ಅಂಥ ಹಿಂದಿನವರೊಬ್ಬರಿಗೆ ಪತ್ರ ಬರೆಯುತ್ತಾರೆ. ಇದಕ್ಕೆ ಹಿಂದೋಲೆ ಎಂದು ಹೆಸರು. ಬರೆದದ್ದನ್ನು ಊರ ಚಾವಡಿಯಲ್ಲಿಟ್ಟಿರುವ ಮಣ್ಣಿನ ಗಡಿಗೆಗೆ ಹಾಕುತ್ತೇವೆ. ಅದು ಮುಂದೆ ಹೇಗೆ ತಲುಪುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೇಳಬಾರದು ಎಂಬುದೂ ಪದ್ಧತಿಯೇ. ಹಿಂದೋಲೆಯಲ್ಲಿ ಉಪಕಾರ ನೆನೆಯಬೇಕು, ತಪ್ಪು ಎತ್ತಿ ಆಡಬಾರದು ಎಂದು ಶಾಲೆಯಲ್ಲೇ ಕಲಿಸುತ್ತಾರೆ. ನನಗೂ ಕಲಿಸಿದ್ದರು. ಹನ್ನೊಂದು ವರ್ಷ ನಿಮಗೆ ಹನ್ನೊಂದು ಪತ್ರ ಬರೆದು ಉಪಕಾರ ನೆನೆದಿದ್ದೇನೆ. ಈ ವರ್ಷ ನನ್ನಿಂದ ಆಗುವುದಿಲ್ಲ. ಈ ವರ್ಷ ಜಗಳ ತೆಗೆಯಲೆಂದೇ ಕುಳಿತಿದ್ದೇನೆ.

ಮಾತಿನ ನಡುವೆ ನಿಮಗೆ ಗುರುತಿಲ್ಲದ ಪದಗಳು ಬಂದರೆ ಕ್ಷಮೆಯಿರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಪ್ರಯೋಗದ ವಹಿಯೊಂದರಿಂದಲೇ. ನಿಮ್ಮ ಜೊತೆಯವರೆಲ್ಲ ಇಂಗ್ಲಿಷಿನಲ್ಲಿ ಬರೆಯುತ್ತಿದ್ದಾಗ ನೀವು ಕನ್ನಡದಲ್ಲಿ ಬರೆದಿರಿ. ಅದಕ್ಕೇ ಅದು ನಮ್ಮ ಊರಿಗೆ ಬಂತು, ಅದಕ್ಕೇ ಉಳಿಯಿತು. ಆದರೆ ಅದರಿಂದಾಗಿ ನಿಮ್ಮ ಭಾಷೆಯಲ್ಲಿ ನನಗೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿರುವ ಪದ 'ಎಂದಿನಂತೆ'. ನೂರ ಹನ್ನೆರಡು ಪುಟಗಳ ವಹಿಯಲ್ಲಿ ಅದು ಇನ್ನೂರ ಆರು ಸಲ ಬಂದಿದೆ. ಎಣಿಸಿದ್ದೇನೆ. ಇಲ್ಲಿ ನಿಮ್ಮನ್ನು ಎಲ್ಲರೂ ವಹಿ ಅಕ್ಕೋರು ಎನ್ನುತ್ತಾರೆ. ಸಿಟ್ಟು ಬಂದಿದೆ ಎಂದು ನಾನೇನೂ ಬೇರೆ ಹೆಸರಿನಿಂದ ಕರೆಯುವುದಿಲ್ಲ.

ಮೊದಲು ನಮ್ಮ ಕೆಲಸ ಏನೆಂದು ಹೇಳಬೇಕು. ಗುಳೇದಗುಡ್ಡದಲ್ಲಿ ಈಗಲೂ ಕುಣಿಮಗ್ಗಗಳಿವೆ. ನೇಕಾರರು ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ರವಿಕೆಯ ಖಣದ ಜೊತೆಗೆ ಕೊಳವೆಯನ್ನೂ ನೇಯುತ್ತಾರೆ: ಪೆನ್ಸಿಲಿನಷ್ಟು ದಪ್ಪ, ಒಂದು ಮೊಳ ಉದ್ದ, ಅಪ್ಪಟ ರೇಷ್ಮೆ. ಮನುಷ್ಯನ ಮೈಯಲ್ಲಿ ಮುಚ್ಚಿಹೋದ ರಕ್ತನಾಳದ ಬದಲಿಗೆ ಅದನ್ನು ಕೂರಿಸುತ್ತಾರೆ. ಯಂತ್ರ ನೇಯ್ದ ಕೊಳವೆ ಮೊಣಕಾಲು ಮಡಿಸಿದಾಗ ಮುರಿದುಕೊಳ್ಳುತ್ತದೆ, ಕೈ ನೇಯ್ದದ್ದು ಬಾಗುತ್ತದೆ. ಆದರೆ ಬರಿಯ ರೇಷ್ಮೆಯ ಮೇಲೆ ರಕ್ತ ಹರಿದರೆ ಹೆಪ್ಪುಗಟ್ಟುತ್ತದೆ. ಜಾರಿಕೊಂಡು ಹೋಗಬೇಕಾದರೆ ಒಳಗೆ ಒಂದೇ ಕೋಶದಷ್ಟು ತೆಳ್ಳಗಿನ, ಎಲ್ಲಿಯೂ ಬಿರುಕಿಲ್ಲದ ಜೀವಂತ ಪದರ ಬೇಕು. ರವಿಕೆಗೆ ಒಳಗಿನಿಂದ ಅಸ್ತರು ಕೊಟ್ಟ ಹಾಗೆ ಕೊಳವೆಗೆ ಆ ಪದರ ಕೊಡುವ ಜಾಗ ನಮ್ಮ ಅಸ್ತರುಮನೆ. ಪದರದ ಕೋಶಗಳಿಗೆ ಅಸ್ತರಿ ಎನ್ನುತ್ತೇವೆ. ಬೆಳಿಗ್ಗೆ ಐದಕ್ಕೆ ಬಾಗಿಲು ತೆರೆಯುತ್ತೇವೆ, ಹನ್ನೆರಡಕ್ಕೆ ಬಿಸಿಲುಬಿಡುವು ಬೀಳುತ್ತದೆ. ಆಗ ನಾಲ್ಕರವರೆಗೆ ಇಡೀ ಊರು ನೆಲಮಾಳಿಗೆಗೆ ಇಳಿದು ಮಲಗುತ್ತದೆ, ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ನಾವು ಮಲಗಿದ್ದರೂ ಪಂಪು ಓಡುತ್ತಿರುತ್ತದೆ. ಆ ಬಿಸಿಲೇ ನಮಗೆ ವಿದ್ಯುತ್ತು ಕೊಡುವುದು, ಅದು ಉಸಿರಾಡುವ ಗಾಳಿಯ ಹಾಗೆ ಯಾವಾಗಲೂ ಇರುತ್ತದೆ. ದೀಪ ತಾನಾಗಿ ಆರಿದ್ದನ್ನು ನನ್ನ ಅಜ್ಜಿಯೂ ನೋಡಿರಲಿಲ್ಲ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ.

ಇನ್ನು ನನ್ನ ತಮ್ಮ ಸೋಮಲಿಂಗನ ಕಾಲುಗಳ ವಿಷಯ. ಅವನಿಗೆ ಐವತ್ತೊಂದು ವರ್ಷ. ನಮ್ಮ ಊರಿನಲ್ಲಿ ಅವನಷ್ಟು ಸಮನಾಗಿ ಕೊಳವೆ ನೇಯುವವರು ಇನ್ನೊಬ್ಬರಿಲ್ಲ. ಇದನ್ನು ಅಕ್ಕ ಎಂದು ಹೇಳುತ್ತಿಲ್ಲ, ಅಕ್ಕನಾಗಿ ಹೇಳುವುದಾದರೆ ಅವನು ಮಹಾ ಸೋಮಾರಿ. ಮೂರು ವರ್ಷದ ಹಿಂದೆ ಅವನ ಎರಡೂ ಮೊಣಕಾಲುಗಳ ಕೆಳಗಿನ ರಕ್ತನಾಳ ಮುಚ್ಚಿಕೊಳ್ಳತೊಡಗಿತು, ಬಲಗಾಲಿನಲ್ಲಿ ಬೇಗ, ಎಡಗಾಲಿನಲ್ಲಿ ನಿಧಾನ. ಇದೇನು ದೊಡ್ಡ ಸಂಗತಿ, ನಾವೇ ಮಾಡುವ ಕೊಳವೆ ಎಂದುಕೊಂಡೆವು. ನಮ್ಮಲ್ಲಿ ಸಿದ್ಧ ಅಸ್ತರು ಸಿಗುತ್ತದೆ. ಎಲ್ಲರ ಮೈಗೂ ಒಗ್ಗುವ ಹಾಗೆ ದೂರದ ಕಾರ್ಖಾನೆಯಲ್ಲಿ ಬೆಳೆಸಿದ ಎಳೆಯ ಕೋಶಗಳು ಸೀಸೆಯಲ್ಲಿ ಬರುತ್ತವೆ. ತೊಂಬತ್ತು ವರ್ಷಗಳಿಂದ ಅದನ್ನೇ ಬಳಸುತ್ತಿದ್ದೇವೆ. ಎಲ್ಲರ ಮೈಗೂ ಒಗ್ಗುತ್ತದೆ, ಲಕ್ಷಕ್ಕೊಬ್ಬರನ್ನು ಬಿಟ್ಟು. ಆ ಒಬ್ಬ ನನ್ನ ಮನೆಯಲ್ಲೇ ಹುಟ್ಟಿದ್ದ. ಮೂರು ಸಲ ಹಾಕಿದರು, ಮೂರು ಸಲವೂ ಅವನ ಮೈ ಅದನ್ನು ಸುಟ್ಟು ಹಾಕಿತು. ಅವನಿಗೆ ಅವನದೇ ಕೋಶದ ಅಸ್ತರು ಬೇಕು ಎಂದು ವೈದ್ಯರು ಹೇಳಿದರು. ಅಂಥದ್ದನ್ನು ಮಾಡುವುದು ಹೇಗೆಂದು ಬದುಕಿದ್ದವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನಿಮ್ಮ ವಹಿಗೆ ಮಾತ್ರ.

ನಿಮ್ಮ ವಹಿ ಅಸ್ತರುಮನೆಯ ಮುಂಭಾಗದಲ್ಲಿ ಗಾಜಿನ ಪೆಟ್ಟಿಗೆಯಲ್ಲಿದೆ. ನಿಮ್ಮ ಪ್ರಯೋಗಕ್ಕೆ ರೇಷ್ಮೆ ಕೊಳವೆ ಹೋಗುತ್ತಿದ್ದದ್ದು ಇದೇ ಊರಿನಿಂದ, ಆದ್ದರಿಂದ ಯಾರೋ ಪುಣ್ಯಾತ್ಮರು ಅದನ್ನು ಇಲ್ಲಿಗೆ ತಂದುಕೊಟ್ಟಿದ್ದಾರೆ. ವರ್ಷಕ್ಕೊಮ್ಮೆ ಧೂಳು ಹೊಡೆಯುತ್ತಿದ್ದೆವು, ಹೂವು ಇಡುತ್ತಿದ್ದೆವು. ಓದಿದವರಿರಲಿಲ್ಲ. ಪೆಟ್ಟಿಗೆ ತೆರೆಸಿ ನಾನು ಓದಿದೆ. ಮೊದಲ ಪುಟಗಳನ್ನು ಓದಿದಾಗ ಕಣ್ಣಲ್ಲಿ ನೀರು ಬಂತು, ಅದನ್ನೂ ಹೇಳಿಬಿಡುತ್ತೇನೆ. ಕೂಸಿನದಲ್ಲ, ಬೆಳೆದ ಮನುಷ್ಯನ ಹೊಟ್ಟೆಯ ಕೊಬ್ಬಿನಿಂದ ಒಂದು ಚಮಚ ತೆಗೆಯಬೇಕು. ಅದನ್ನು ತೊಳೆದು, ಕರಗಿಸಿ, ತಿರುಗಿಸಿದರೆ ತಳದಲ್ಲಿ ಆಕರಕೋಶಗಳು ಸಿಗುತ್ತವೆ ಎಂದು ಬರೆದಿದ್ದಿರಿ. ನಾವು ಅವಕ್ಕೆ ಕಾಯುವ ಕೋಶ ಎನ್ನುತ್ತೇವೆ, ಏಕೆಂದರೆ ಅವು ಇನ್ನೂ ಯಾವ ಕೆಲಸಕ್ಕೂ ಸೇರದೆ, ಮೈ ಎಲ್ಲಿಗೆ ಕರೆದರೆ ಅಲ್ಲಿಗೆ ಹೋಗಲು ಕಾಯುತ್ತಿರುತ್ತವೆ. ಅವನ್ನು ಹದಿನಾಲ್ಕು ದಿನ ಸಾಕುದ್ರವದಲ್ಲಿಟ್ಟು ನೀನು ರಕ್ತನಾಳದ ಒಳಪದರವಾಗು ಎಂದು ಕಲಿಸುವುದನ್ನು ಎಷ್ಟು ಚೆನ್ನಾಗಿ ಬರೆದಿದ್ದೀರಿ. ಐವತ್ತು ದಾಟಿದವರ ಕೋಶ ಮೊಂಡು, ಅವಸರ ಮಾಡಬೇಡಿ ಎಂದೂ ಬರೆದಿದ್ದೀರಿ. ಸೋಮಲಿಂಗನ ಕೋಶವೂ ಅವನ ಹಾಗೆಯೇ ಇರುತ್ತದೆ ಎಂದು ನನಗೆ ಅನುಮಾನವಿರಲಿಲ್ಲ.

ಆಮೇಲೆ ಶುರುವಾಯಿತು ನಿಮ್ಮ ಆಟ. 'ಉಪ್ಪುನೀರು ಎಂದಿನಂತೆ.' ಯಾವ ಎಂದು? 'ತಿರುಗಿಸುವುದು ಎಂದಿನಷ್ಟು ಹೊತ್ತು.' ಅಕ್ಕೋರೇ, ನಿಮ್ಮ ಎಂದು ನನ್ನ ಎಂದು ಅಲ್ಲ. ನಡುವೆ ಇನ್ನೂರು ವರ್ಷ ಬಿದ್ದಿವೆ. 'ಹದ ನೋಡಿ ತೆಗೆದೆ' ಎಂದು ಮೂವತ್ತೊಂದು ಕಡೆ ಇದೆ. ಉಪ್ಪಿನಕಾಯಿಯ ಮಾವಿನಹೋಳು ಹದಕ್ಕೆ ಬಂತೇ ಎಂದು ನೋಡುವುದು ನನಗೂ ಗೊತ್ತು, ನಮ್ಮ ಅಮ್ಮ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದ್ದಳು. ನಿಮ್ಮ ಪಕ್ಕದಲ್ಲಿ ನನ್ನನ್ನು ಯಾರು ಕೂರಿಸಿದ್ದರು? ಆದರೂ ಒಂದೊಂದನ್ನೇ ಹಿಡಿದೆವು. ಉಪ್ಪುನೀರಿಗೆ ಐದು ತಿಂಗಳು ಹೋಯಿತು, ಹದಕ್ಕೆ ನಾಲ್ಕು. ಕೊನೆಗೆ ಸೋಮಲಿಂಗನ ಕೊಬ್ಬಿನ ಕೋಶಗಳು ತಟ್ಟೆಯಲ್ಲಿ ಬಂಡೆಗಲ್ಲು ಹಾಸಿದ ಹಾಗೆ ಒತ್ತೊತ್ತಾಗಿ ಕುಳಿತ ದಿನ ನಾನು ಅಸ್ತರುಮನೆಯವರಿಗೆಲ್ಲ ಹೋಳಿಗೆ ಮಾಡಿ ಬಡಿಸಿದೆ.

ಕೋಶಗಳು ಕೊಳವೆಯೊಳಗೆ ಹೋದ ಮೇಲೆ ಇನ್ನೊಂದು ಪಾಠವಿದೆ, ಅದನ್ನು ನಿಮಗೆ ಹೇಳಬೇಕಾಗಿಲ್ಲ. ಪಂಪಿನಿಂದ ದ್ರವ ಹರಿಸಬೇಕು. ಹರಿವು ಮೈಗೆ ತಾಗಿದಾಗಲೇ ಅಡ್ಡಾದಿಡ್ಡಿ ಬಿದ್ದಿದ್ದ ಅಸ್ತರಿಗಳು ಹರಿವಿನ ದಿಕ್ಕಿಗೆ ತಿರುಗಿ ಉದ್ದವಾಗಿ, ನಾವು ರಕ್ತನಾಳದಲ್ಲಿದ್ದೇವೆ ಎಂದು ನಂಬುವುದು. ನಾವು ಹರಿಸಿದೆವು. ಮೂರನೆಯ ದಿನ ಪದರ ಹಾಲಿನ ಕೆನೆಯ ಹಾಗೆ ಇಡಿಯಾಗಿ ಎದ್ದು ಕೊಳವೆಯ ಇನ್ನೊಂದು ತುದಿಯಿಂದ ಹೊರಗೆ ಬಂತು. ನಿಮ್ಮ ಕೊಳವೆಗಳಲ್ಲಿ ಹೀಗಾಗುತ್ತಿರಲಿಲ್ಲ. ನಲವತ್ತೊಂದರಲ್ಲಿ ಮೂವತ್ತೆಂಟು ಗೆದ್ದಿವೆ. ಹಾಗಾದರೆ ನೀವು ಮಾಡುತ್ತಿದ್ದು ನಾವು ಮಾಡದೆ ಇರುವುದು ಏನು?

ನಿಮ್ಮ ವಹಿಯ ಅರ್ಥ ಹೇಳಲು ಒಂದು ವಹಿಸಭೆ ಕೂಡಿತು. ಅದಕ್ಕೆ ಹಿರಿಯರು ಅಂದಾನಯ್ಯನವರು, ಎಂಬತ್ತು ವರ್ಷದವರು, ಸಿದ್ಧ ಅಸ್ತರಿನ ಕೆಲಸದಲ್ಲಿ ನನಗೆ ಗುರುಗಳು. ಅವರು ಹರಿವಿನ ಪುಟಗಳನ್ನು ಬೆರಳಿಟ್ಟು ಓದಿದರು. ಪ್ರತಿ ದಿನದ ಬರಹವೂ ಒಂದೇ ತೆರ: 'ಒಂಬತ್ತಕ್ಕೆ ಹರಿವು ನೋಡಿದೆ. ಹತ್ತೂವರೆ, ಚಹಾ. ಹನ್ನೆರಡೂ ಕಾಲು, ಹರಿವು ಸರಿ ಇದೆ.' ಮರುದಿನ ಮತ್ತೆ ಹತ್ತೂವರೆ, ಚಹಾ. ಅದರ ಮರುದಿನವೂ. ಅಂದಾನಯ್ಯನವರು ಕನ್ನಡಕ ತೆಗೆದು ನಮ್ಮನ್ನೆಲ್ಲ ನೋಡಿ, "ಅಕ್ಕೋರು ಇಷ್ಟ ನೇಮದಿಂದ ಬರದಾರ ಅಂದ್ರ ಸುಮ್ ಸುಮ್ನ ಬರದಿರಂಗಿಲ್ಲ. ಕೋಶಕ್ಕ ಚಹಾ ಹಾಕ್ಯಾರ," ಎಂದರು. ನೀವು ನಗುತ್ತಿರಬಹುದು. ನಗುವ ಮೊದಲು ಇದನ್ನು ತಿಳಿಯಿರಿ: ಬಿಸಿಲು ಏರಿದ ಮೇಲೆ ಬೆಟ್ಟಗಳಲ್ಲಿ ಚಹಾ ಗಿಡ ನಿಲ್ಲಲಿಲ್ಲ. ನಮ್ಮ ಕಾಲದಲ್ಲಿ ಚಹಾ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಚೀಟಿ ಇದ್ದರೆ. ಬೆಳಿಗ್ಗೆ ನಾವು ಕುಡಿಯುವುದು ಬೆಲ್ಲ ಶುಂಠಿಯ ಕಷಾಯ. ಔಷಧಿಯ ಹೆಸರು ಪ್ರಯೋಗದ ವಹಿಯಲ್ಲಿ ಗಂಟೆ ಸಮೇತ ಇದ್ದರೆ ಅದು ಪ್ರಯೋಗದ್ದೇ ಎಂದು ಯಾರಿಗಾದರೂ ಅನಿಸುತ್ತದೆ.

ನನಗೆ ಆದರೂ ಅನುಮಾನವಿತ್ತು. ಆಗ ಅಂದಾನಯ್ಯನವರು ಐವತ್ತೆಂಟನೆಯ ಪುಟ ತೆರೆದು ನನ್ನ ಬಾಯಿ ಮುಚ್ಚಿಸಿದರು. ಅಲ್ಲಿ ನೀವೇ ಬರೆದಿದ್ದೀರಿ: 'ಮಂತ್ರಿಗಳು ಬಂದಿದ್ದರು. ಮೂರು ದಿನವೂ ಚಹಾ ಇಲ್ಲ. ಕೊಳವೆ ಹದಿನೇಳು ಹಾಳು. ಸೋಂಕು ಇರಬಹುದೇ?' ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಚಹಾ ಇದ್ದ ಕೊಳವೆ ಉಳಿದಿದೆ, ಚಹಾ ಇಲ್ಲದ ಕೊಳವೆ ಹಾಳಾಗಿದೆ. ಮಂತ್ರಿಗಳಿಂದಲೇ ಸೋಂಕು ತಗುಲಿರಬಹುದು ಎಂದು ಸಭೆಯಲ್ಲಿ ಒಬ್ಬರು ಹೇಳಿದರು, ಅದನ್ನೂ ಬರೆದುಕೊಂಡೆವು. ತಿಂಗಳಿಗೊಮ್ಮೆ 'ಇನ್ವರ್ಟರಿಗೆ ನೀರು' ಎಂದು ಬರುತ್ತದಲ್ಲ, ಅದು ನೀವು ಕಿಟಕಿಯಲ್ಲಿ ಬೆಳೆಸುತ್ತಿದ್ದ ಯಾವುದೋ ಗಿಡ, ಅದರ ಗಾಳಿಯೂ ಕೋಶಕ್ಕೆ ಬೇಕಾಗಿತ್ತೇನೋ ಎಂದು ಎರಡು ಸಭೆ ಚರ್ಚೆಯಾಯಿತು. ಒಬ್ಬರಂತೂ ಅದು ಪ್ರಾಣಿ ಎಂದು ವಾದಿಸಿದರು. ತಿಂಗಳಿಗೊಮ್ಮೆ ನೀರು ಕುಡಿಯುವ ಪ್ರಾಣಿ ಯಾವುದು ಎಂದು ಕೇಳಿದಾಗ ಗಿಡ ಎನ್ನುವವರ ಕಡೆ ಸೇರಿಕೊಂಡರು.

ಹೀಗೆ ಅಸ್ತರುಮನೆಯಲ್ಲಿ ಚಹಾಪರ್ವ ನಡೆಯಿತು. ಒಂದು ಕೊಳವೆಗೆ ಕೊಬ್ಬು ತೆಗೆದ ದಿನದಿಂದ ಏಳು ವಾರ ಬೇಕು. ಮೊದಲನೆಯದಕ್ಕೆ ಬರಿ ಚಹಾ ನೀರು ಸೋಸಿ ಎರಡು ಹನಿ ಹಾಕಿದೆವು. ಹಾಳಾಯಿತು. ಎರಡನೆಯದಕ್ಕೆ ಐದು ಹನಿ. ಮೂರನೆಯದಕ್ಕೆ ಹಾಲು ಸೇರಿಸಬೇಕಿತ್ತೇ ಎಂಬ ಮಾತು ಬಂತು, ಏಕೆಂದರೆ ನಿಮ್ಮ ಕಾಲದವರು ಹಾಲು ಹಾಕುತ್ತಿದ್ದರು ಎಂದು ಬೇರೆ ದಾಖಲೆಗಳಲ್ಲಿದೆ. ಒಂದು ಕಡೆ 'ಚಹಾ, ಭಜಿ' ಎಂದು ಬರೆದಿದ್ದೀರಲ್ಲ, ಆ ಪುಟವನ್ನು ನಾನು ಸಭೆಗೆ ತೋರಿಸಲೇ ಇಲ್ಲ. ಸೋಮಲಿಂಗ ಊರುಗೋಲು ಹಿಡಿದು ಬಂದು ನೋಡುತ್ತಿದ್ದ. ನಾಲ್ಕನೆಯ ಕೊಳವೆಯ ಹೊತ್ತಿಗೆ, "ಅಕ್ಕಾ, ನನ್ನ ಕೋಶಕ್ಕ ದಿನಾ ಚಾ ಕುಡಸ್ತೀಯಲ್ಲ, ನನಗ ಒಂದ ದಿನಾ ಒಂದ ಕಪ್ ಕೊಟ್ಟಿಲ್ಲ ನೀ," ಎಂದ. ನಾನು ನಗಲಿಲ್ಲ. ಅವನ ಬಲಗಾಲಿನ ಹೆಬ್ಬೆರಳು ಆಗಲೇ ಕಪ್ಪಾಗಿತ್ತು, ಅವನು ಅದನ್ನು ಧೋತರದಲ್ಲಿ ಮುಚ್ಚಿಕೊಂಡು ಕೂತಿದ್ದು ನನಗೆ ಕಂಡಿತ್ತು.

ಆರನೆಯ ಕೊಳವೆ ಹಾಳಾದ ವಾರ ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ನಿಮ್ಮಿಂದ ಇಷ್ಟು ವರ್ಷ ಮುಂದೆ ಬಂದ ಮೇಲೂ ಕಾಲು ತೆಗೆಯುತ್ತಾರೆಯೇ ಎಂದು ನಿಮಗೆ ಅನಿಸಬಹುದು. ತೆಗೆಯುತ್ತಾರೆ. ಹೊಸಗಾಲು ಕೂಡಿಸಿದರು. ಅದು ನಡೆಯುತ್ತದೆ, ಮೆಟ್ಟಿಲು ಹತ್ತುತ್ತದೆ, ಬೇಕಾದರೆ ಓಡುತ್ತದೆ. ಆದರೆ ಕುಣಿಯಲ್ಲಿ ಕೂತು ತುಳಿಯುವ ಹಲಗೆಯ ಮೇಲಿಟ್ಟರೆ ದಾರ ಎಷ್ಟು ಬಿಗಿದಿದೆ ಎಂದು ಅದಕ್ಕೆ ತಿಳಿಯುವುದಿಲ್ಲ. ಅವನು ಎರಡು ದಿನ ಪ್ರಯತ್ನಿಸಿದ. ಮೂರನೆಯ ದಿನ ಮಗ್ಗದ ಮೇಲೆ ಬಟ್ಟೆ ಹೊದಿಸಿ ಎದ್ದುಬಂದ. ಎಡಗಾಲಿನ ನಾಳವೂ ನಿಧಾನವಾಗಿ ಮುಚ್ಚುತ್ತಲೇ ಇತ್ತು. ಆ ತಿಂಗಳು ನಾನು ನಿಮ್ಮನ್ನು ಬೈದಷ್ಟು ಯಾರನ್ನೂ ಬೈದಿಲ್ಲ. ನೀವು ನನ್ನನ್ನು ಎಡವಿಸಲೆಂದೇ ಬೇಕಾದದ್ದನ್ನು ಬಚ್ಚಿಟ್ಟಿದ್ದೀರಿ ಎಂದೇ ನಂಬಿದ್ದೆ.

ಎಡಗಾಲಿಗೆಂದು ಇನ್ನೂ ಮೂರು ಕೊಳವೆ ಮಾಡಿದೆವು, ಚಹಾ ಸಮೇತ. ಮೂರೂ ಹೋದವು. ಅಷ್ಟರಲ್ಲಿ ವಹಿಯನ್ನು ಎಲ್ಲರೂ ತಿರುವಿ ತಿರುವಿ ಅದರ ಹೊದಿಕೆ ಹರಿದಿತ್ತು. ಸೋಮಲಿಂಗನಿಗೆ ಕೈಕಟ್ಟಿ ಕೂತು ಬೇಸರ. ಹಳೆಯ ಖಣದ ತುಂಡೊಂದನ್ನು ತಂದು, ವಹಿಗೆ ಹೊಸ ಹೊದಿಕೆ ಹೊಲಿಯುತ್ತೇನೆ ಎಂದು ಕೂತ. ನೀವು ವಹಿಗೆ ಹಾಕಿದ್ದದ್ದು ಮಡಚಿದ ದಿನಪತ್ರಿಕೆಯ ಹಾಳೆ. ಅದನ್ನು ಮೆಲ್ಲಗೆ ಬಿಡಿಸಿ ಒಳಮಗ್ಗುಲನ್ನು ಓದುತ್ತಾ ಹೋದ: ಯಾರದೋ ಶ್ರದ್ಧಾಂಜಲಿ, ಒಂದು ಕೊಳವೆಬಾವಿಯ ಜಾಹೀರಾತು, ಆಮೇಲೆ ಚಿಕ್ಕ ಅಕ್ಷರದ ಒಂದು ಪ್ರಕಟಣೆ. ತುರ್ತು ಕಾಮಗಾರಿ ನಿಮಿತ್ತ ಮುಂದಿನ ಪ್ರಕಟಣೆಯವರೆಗೆ ಪ್ರತಿದಿನ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡೂ ಕಾಲರವರೆಗೆ ವಿದ್ಯುತ್ ಪೂರೈಕೆಯಲ್ಲಿ ವ್ಯತ್ಯಯವಾಗಲಿದೆ, ಗ್ರಾಹಕರು ಸಹಕರಿಸಬೇಕು. ಕೆಳಗೆ ಬಡಾವಣೆಗಳ ಹೆಸರು, ಅದರಲ್ಲಿ ನಿಮ್ಮ ಪ್ರಯೋಗಾಲಯದ ಬೀದಿಯೂ ಇತ್ತು.

ಅವನು ನನ್ನನ್ನು ಕರೆದು, "ಅಕ್ಕಾ, ಈ ವ್ಯತ್ಯಯ ಅಂದ್ರೇನ?" ಎಂದು ಕೇಳಿದ. ನನಗೂ ಗೊತ್ತಿರಲಿಲ್ಲ. ಹಳೆಯ ಮಾತಿನ ಕೋಶದಲ್ಲಿ ಹುಡುಕಿದೆವು: ಏರುಪೇರು, ಅಡಚಣೆ. ವಿದ್ಯುತ್ತಿಗೆ ಅಡಚಣೆ ಎಂದರೆ ಏನು? ಹಾಗೆಂದರೆ ಇರುವುದಿಲ್ಲವೇ? ಇದ್ದಕ್ಕಿದ್ದಂತೆ ಇಲ್ಲದಿರುತ್ತದೆಯೇ? ನನ್ನ ತಲೆಗೆ ಅದು ಇಳಿಯುವ ಮೊದಲೇ ಸೋಮಲಿಂಗನಿಗೆ ಇಳಿದಿತ್ತು. ಅವನು ವಹಿಯನ್ನು ತೊಡೆಯ ಮೇಲಿಟ್ಟುಕೊಂಡು ಪ್ರಕಟಣೆಯ ಗಂಟೆಯ ಮೇಲೆ ಒಂದು ಬೆರಳು, ನಿಮ್ಮ ಬರಹದ ಗಂಟೆಯ ಮೇಲೆ ಇನ್ನೊಂದು ಬೆರಳು ಇಟ್ಟ. "ಅಕ್ಕೋರು ಕೋಶಕ್ಕ ಚಾ ಹಾಕಿಲ್ಲ. ಪಂಪ್ ನಿಂತೈತಿ. ಕೆಲಸ ಇಲ್ಲಂತ ಇವ್ರು ಚಾ ಕುಡಿಯಾಕ ಹೋಗ್ಯಾರ," ಎಂದ. ಆಮೇಲೆ ಮಗ್ಗದ ಉದ್ದ ದಾರಗಳ, ಅಂದರೆ ಹಾಸಿನ, ಮಾತು ತೆಗೆದು, "ಗಂಜಿ ಹಚ್ಚಿದ ಹಾಸನ್ನ ಆರೂದಕ್ಕ ಬಿಡದ ಎಳದ್ರ ದಾರ ಬಿಡತೈತಿ. ನನ್ನ ಕೋಶಕ್ಕೂ ಅಷ್ಟ. ಹಿಡಕೊಳ್ಳಾಕ ಅದಕ್ಕ ಒಂದೀಟು ಪುರಸತ್ತ ಬೇಕಾಗಿತ್ತು, ನೀವು ಕೊಡಲಿಲ್ಲ," ಎಂದ.

ಇಷ್ಟೇ ಆಗಿತ್ತು, ಅಕ್ಕೋರೇ. ಕಾರ್ಖಾನೆಯ ಎಳೆಯ ಕೋಶಗಳು ಹಾಕಿದ ತಕ್ಷಣ ಅಂಟಿಕೊಳ್ಳುತ್ತವೆ, ಆದ್ದರಿಂದ ನಮಗೆ ಹರಿವನ್ನು ನಿಲ್ಲಿಸುವ ಅಗತ್ಯವೇ ಬಂದಿರಲಿಲ್ಲ. ಬೆಳೆದ ಮನುಷ್ಯನ ಮೊಂಡು ಕೋಶ ರೇಷ್ಮೆಯನ್ನು ಹಿಡಿಯಲು ದಿನಕ್ಕೆ ಎರಡು ಗಂಟೆಯಷ್ಟು ಶಾಂತಿ ಬೇಡುತ್ತದೆ. ಅದನ್ನು ನಿಮಗೆ ಕೊಟ್ಟದ್ದು ನಿಮ್ಮ ಊರಿನ ವಿದ್ಯುತ್ ಕಡಿತ. ಮಂತ್ರಿಗಳು ಬಂದ ಮೂರು ದಿನ ಅವರಿಗಾಗಿ ಕಡಿತವಿರಲಿಲ್ಲ, ನಿಮಗೆ ಬಿಡುವಿರಲಿಲ್ಲ, ಚಹಾ ಇರಲಿಲ್ಲ, ಕೊಳವೆ ಹಾಳಾಯಿತು. ಇನ್ವರ್ಟರು ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ. ಕರೆಂಟ್ ಇಲ್ಲದಾಗ ಕೋಶಗಳ ಬೆಚ್ಚನೆಯ ಪೆಟ್ಟಿಗೆಯನ್ನು ಕಾಯುತ್ತಿದ್ದ ಯಂತ್ರ, ಪಂಪಿಗೆ ಅದರ ಆಸರೆ ಇರಲಿಲ್ಲ. ಗ್ರಾಹಕರು ಸಹಕರಿಸಿದರೋ ಇಲ್ಲವೋ, ಕೋಶಗಳಂತೂ ಸಹಕರಿಸಿದ್ದವು. ಇದೆಲ್ಲ ನಿಮ್ಮ ಕಣ್ಣೆದುರೇ ದಿನವೂ ನಡೆಯಿತು. ನೀವು ಕುಡಿದ ಚಹಾವನ್ನು ಬರೆದಿರಿ, ತಿಂದ ಭಜಿಯನ್ನು ಬರೆದಿರಿ, ಮಂತ್ರಿಗಳನ್ನು ಬರೆದಿರಿ. ಕರೆಂಟ್ ಹೋದದ್ದನ್ನು ಬರೆಯಲಿಲ್ಲ, ಏಕೆಂದರೆ ಅದು ಬರೆಯುವಂಥ ಸಂಗತಿಯೇ ಆಗಿರಲಿಲ್ಲ. ನೀವು ಏನನ್ನೂ ಬಚ್ಚಿಟ್ಟಿರಲಿಲ್ಲ ಎಂದು ಅಂದು ತಿಳಿಯಿತು. ಅದರಿಂದ ನನ್ನ ಸಿಟ್ಟು ಇಳಿಯುವ ಬದಲು ಏರಿತು. ಬಚ್ಚಿಟ್ಟಿದ್ದರೆ ಹುಡುಕಿ ತೆಗೆಯಬಹುದಿತ್ತು.

ಇನ್ನು ನಿಲ್ಲಿಸಬೇಕಲ್ಲ, ಹೇಗೆ ನಿಲ್ಲಿಸುವುದು? ನಮ್ಮ ಪಂಪಿಗೆ ನಿಲ್ಲಿಸುವ ಗುಂಡಿಯೇ ಇಲ್ಲ. ನಿಲ್ಲದ ವಿದ್ಯುತ್ತಿನ ಕಾಲದಲ್ಲಿ ಮಾಡಿದ ಯಂತ್ರಕ್ಕೆ ಗುಂಡಿ ಯಾಕಿರುತ್ತದೆ? ಪಂಪು ತಯಾರಿಸುವವರಿಗೆ ಬರೆದರೆ, ನಿಲ್ಲುವ ಪಂಪು ಕೆಟ್ಟ ಪಂಪು, ದಯವಿಟ್ಟು ಹಿಂದಿರುಗಿಸಿ ಎಂದು ಉತ್ತರ ಬಂತು. ಕೊನೆಗೆ ಸೋಮಲಿಂಗ ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ತಂದು ಕೊಳವೆಗೆ ದ್ರವ ಒಯ್ಯುವ ಮೆತ್ತನೆಯ ನಳಿಕೆಗೆ ಸಿಕ್ಕಿಸಿದ, ಬೇರೆ ದಾರಿಯಲ್ಲಿ ದ್ರವ ಸುತ್ತಿ ಬರುವಂತೆ ಮಾಡಿದ. ದಿನವೂ ಹತ್ತೂವರೆಗೆ ಕ್ಲಿಪ್ಪು ಹಾಕುವುದು, ಹನ್ನೆರಡೂ ಕಾಲಿಗೆ ತೆಗೆಯುವುದು ಅವನದೇ ಕೆಲಸ. ಬಿಸಿಲುಬಿಡುವಿಗೆ ಎಲ್ಲರೂ ಕೆಳಗೆ ಇಳಿದರೂ ಅವನು ಕಾಲು ಗಂಟೆ ಸೆಕೆಯಲ್ಲಿ ಬೆವರುತ್ತಾ ಮೇಲೆ ಕೂತಿರುತ್ತಿದ್ದ. ಮೂರನೆಯ ದಿನ ನಾನು ತುದಿಯ ದ್ರವವನ್ನು ಗಾಜಿನ ಮೇಲೆ ಹಿಡಿದು ನೋಡಿದೆ. ತಿಳಿಯಾಗಿತ್ತು. ಏಳನೆಯ ದಿನವೂ ತಿಳಿಯಾಗಿತ್ತು. ಹದಿನೈದನೆಯ ದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಸ್ತರಿಗಳೆಲ್ಲ ಹರಿವಿನ ಕಡೆಗೆ ತಲೆಮಾಡಿ ಸಾಲಾಗಿ ಮಲಗಿದ್ದವು. ನಾನು ಅವನನ್ನು ಕರೆದು ತೋರಿಸಿದೆ. "ಹಾಸಿನಂಗ ಅದಾವ," ಎಂದಷ್ಟೇ ಹೇಳಿದ.

ಆ ಕೊಳವೆ ಈಗ ಅವನ ಎಡಗಾಲಿನಲ್ಲಿದೆ. ಬಲಗಾಲು ಹೋಗುವ ಮೊದಲು ಅವನೇ ನೇಯ್ದಿಟ್ಟಿದ್ದ ರೇಷ್ಮೆ, ಅವನದೇ ಕೋಶದ ಅಸ್ತರು. ನಾಲ್ಕು ತಿಂಗಳಾಯಿತು. ದಿನವೂ ಬೆಳಿಗ್ಗೆ ನಾನು ಅವನ ಪಾದ ಮುಟ್ಟಿ ನೋಡುತ್ತೇನೆ. ದೊಡ್ಡವಳು ಸಣ್ಣವನ ಕಾಲು ಮುಟ್ಟಬಾರದು ಎಂದು ಅವನು ಎಳೆದುಕೊಳ್ಳುತ್ತಾನೆ. ಪಾದ ಬೆಚ್ಚಗಿದೆ. ಒಂಟಿ ಕಾಲಿನಲ್ಲಿ ತುಳಿಯುವ ಹಾಗೆ ಮಗ್ಗವನ್ನು ಬದಲಿಸಿಕೊಂಡಿದ್ದಾನೆ; ಮೊದಲು ಐದು ದಿನದಲ್ಲಿ ಆಗುತ್ತಿದ್ದ ಕೊಳವೆ ಈಗ ಹನ್ನೊಂದು ದಿನ ಹಿಡಿಯುತ್ತದೆ. ವಹಿಸಭೆ ಮತ್ತೆ ಕೂಡಿ, ಹತ್ತೂವರೆಯ ನಿಲುಗಡೆಗೆ 'ಚಹಾ ಹೊತ್ತು' ಎಂದೇ ಹೆಸರಿಟ್ಟಿದೆ. ಅಂದಾನಯ್ಯನವರು ತಮ್ಮದು ಪೂರ್ತಿ ತಪ್ಪೆಂದು ಇನ್ನೂ ಒಪ್ಪಿಲ್ಲ. ಆ ಹೊತ್ತಿನಲ್ಲಿ ಕೆಲಸದವರು ಚಹಾ ಕುಡಿದರೆ ಹಾನಿಯೇನೂ ಇಲ್ಲವಲ್ಲ ಎಂದು ಔಷಧಿ ಅಂಗಡಿಗೆ ಚೀಟಿ ಬರೆಸಿದ್ದಾರೆ. ಮೊನ್ನೆ ಸೋಮಲಿಂಗನಿಗೆ ಕೊನೆಗೂ ಒಂದು ಕಪ್ ಸಿಕ್ಕಿತು. ಕಹಿ ಎಂದು ಅರ್ಧ ಬಿಟ್ಟ.

ನಾನೂ ಈಗ ಒಂದು ವಹಿ ಬರೆಯುತ್ತಿದ್ದೇನೆ, ಮುಂದಿನವರಿಗೆ. ಎಂದಿನಂತೆ ಎಂಬ ಪದವನ್ನು ಅದರಲ್ಲಿ ಬರೆಯುವುದಿಲ್ಲ ಎಂದು ಪ್ರತಿಜ್ಞೆ ಮಾಡಿದ್ದೇನೆ. ಬಿಸಿಲುಬಿಡುವು ಬರೆದೆ, ಕ್ಲಿಪ್ಪು ಬರೆದೆ, ಪಕ್ಕದ ಕೋಣೆಯಿಂದ ಕೇಳುವ ಮಗ್ಗದ ಸಪ್ಪಳವನ್ನೂ ಬರೆದೆ. ಸೋಮಲಿಂಗ ಇಣುಕಿ ನೋಡಿ, "ಸೀನಿದ್ದೂ ಬರದಿಯೇನ?" ಎಂದು ಕೇಳುತ್ತಾನೆ. ಬರೆದಿದ್ದೇನೆ. ಆದರೂ ಏನೋ ಒಂದು ಬಿಟ್ಟೇ ಹೋಗಿರುತ್ತದೆ, ಅದು ಯಾವುದೆಂದು ನನಗೆ ಎಂದಿಗೂ ಕಾಣುವುದಿಲ್ಲ. ಇನ್ನೂರು ವರ್ಷದ ಆಚೆ ಯಾವಳೋ ಒಬ್ಬಳು ನನ್ನನ್ನೂ ಹೀಗೆಯೇ ಬೈಯುತ್ತಾಳೆ. ಬೈಯಲಿ. ಅವಳ ತಮ್ಮನ ಕಾಲು ಉಳಿದಿದ್ದರೆ ಸಾಕು.

ಈಗ ನನ್ನ ಕೋರಿಕೆ. ನಾಳೆ ಬೆಳಿಗ್ಗೆ ಹತ್ತೂವರೆಗೆ ನಿಮ್ಮ ತಲೆಯ ಮೇಲಿನ ಫ್ಯಾನು ನಿಲ್ಲುತ್ತದೆ. ಪಂಪಿನ ಸದ್ದು ನಿಲ್ಲುತ್ತದೆ. ನೀವು ನಿಟ್ಟುಸಿರು ಬಿಟ್ಟು, ವಹಿಯಲ್ಲಿ ಚಹಾ ಎಂದು ಬರೆದು ಏಳುತ್ತೀರಿ. ಏಳುವ ಮೊದಲು, ಪೆನ್ನು ಇನ್ನೂ ಕೈಯಲ್ಲಿರುವಾಗಲೇ, ಅದರ ಪಕ್ಕದಲ್ಲಿ ಎರಡೇ ಎರಡು ಪದ ಬರೆಯಿರಿ: ಕರೆಂಟ್ ಹೋಯಿತು. ಬರೆದು ಆಮೇಲೆ ಚಹಾ ಕುಡಿಯಿರಿ, ಭಜಿ ತಿನ್ನಿ, ನಾನು ಬೇಡ ಎನ್ನುವುದಿಲ್ಲ. ನೀವು ಅಷ್ಟು ಬರೆದರೆ ಈ ಪತ್ರವನ್ನು ನಾನು ಬರೆದೇ ಇರುವುದಿಲ್ಲ. ಸೋಮಲಿಂಗ ಮಿಕ್ಕ ದಿನವೆಂದು ನೇಯದಿದ್ದರೂ ಎರಡೂ ಕಾಲು ಕುಣಿಯಲ್ಲಿ ಇಳಿಬಿಟ್ಟು ಕೂತಿರುತ್ತಾನೆ, ಪಕ್ಕದ ಕೋಣೆಯಲ್ಲಿ ನಾನು ನಿಮಗೆ ಹನ್ನೆರಡನೆಯ ಉಪಕಾರದ ಪತ್ರ ಬರೆಯುತ್ತಿರುತ್ತೇನೆ, ಎಂದಿನಂತೆ.

ಹೊನ್ನವ್ವ ರಂಜಣಗಿ